ರಮ್ ಇಲ್ಲದ ಪಿನಾ ಕೊಲಾಡಾ: ರಮ್ ಜಾಗಕ್ಕೆ ಏನು ಹಾಕೋದು?

ತುಂಗಾತೀರದವಳು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪನಿಗೆ ಅರವತ್ತು. ಮನೆ ತಾರಸಿಯಲ್ಲೇ ಸಂಜೆ ಊಟ ಇಟ್ಟುಕೊಂಡಿದ್ದೇವೆ, ಹನ್ನೆರಡು ಜನ. ಕುಡಿಯುವವರು ಯಾರೂ ಇಲ್ಲ. ಮಕ್ಕಳಿದ್ದಾರೆ, ಬಸುರಿ ನಾದಿನಿ ಇದ್ದಾಳೆ. ಪಾನಕ, ಮಜ್ಜಿಗೆ ಯಾವಾಗಲೂ ಇದ್ದದ್ದೇ. ಈ ಸಲ ಪಿನಾ ಕೊಲಾಡಾ (ರಮ್, ಅನಾನಸ್ ರಸ, ತೆಂಗಿನ ಕ್ರೀಮ್ ಬೆರೆಸಿದ ತಣ್ಣಗಿನ ಪಾನೀಯ) ಮಾಡೋಣ ಅಂತ ಆಸೆ, ರಮ್ ಇಲ್ಲದ್ದು.

ತೊಂದರೆ ಏನಂದರೆ, ಹೋಟೆಲುಗಳಲ್ಲಿ 'ವರ್ಜಿನ್ ಪಿನಾ ಕೊಲಾಡಾ' ಅಂತ ನಾನು ಕುಡಿದದ್ದೆಲ್ಲ ಅನಾನಸ್ ಮಿಲ್ಕ್‌ಶೇಕ್ ಥರವೇ ಇತ್ತು. ನಾಲ್ಕು ಗುಟುಕಿಗೆ ಸಾಕು ಅನ್ನಿಸುತ್ತದೆ. ಅದು ಇರುವುದೇ ಹಾಗಾ, ಇಲ್ಲ ಮಾಡುವುದರಲ್ಲಿ ಏನಾದರೂ ಗುಟ್ಟಿದೆಯಾ? ಮನೆಯಲ್ಲಿ ಮಿಕ್ಸಿ ಇದೆ, ಶೇಕರ್ ಇಲ್ಲ.

ಕೌಂಟರ್‌ಹಿಂದಿನವ

ಹಡಗಿನಲ್ಲಿ ಬಾರ್ ಕೌಂಟರ್ ನೋಡಿಕೊಂಡವನು ನಾನು. ಒಂದು ಸಣ್ಣ ಲೆಕ್ಕ ಹೇಳುತ್ತೇನೆ ಮೇಡಂ. ಬಾರ್‌ಟೆಂಡರ್‌ಗಳ ಅಂತಾರಾಷ್ಟ್ರೀಯ ಸಂಘದ ಅಳತೆಯಲ್ಲಿ ಒಂದು ಲೋಟಕ್ಕೆ ಬಿಳಿ ರಮ್ 50 ಮಿ.ಲೀ., ತೆಂಗಿನ ಕ್ರೀಮ್ 30 ಮಿ.ಲೀ., ತಾಜಾ ಅನಾನಸ್ ರಸ 50 ಮಿ.ಲೀ. ಒಟ್ಟು 130. ರಮ್ ತೆಗೆದಿರಿ ಅಂದರೆ ಲೋಟದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯಿತು. ಉಳಿಯುವುದು ಸಿಹಿ ಮತ್ತು ಜಿಡ್ಡು. ಹೋಟೆಲಿನವರು ಆ ಖಾಲಿ ಜಾಗವನ್ನು ಸಿರಪ್ಪು, ಐಸ್‌ಕ್ರೀಮಿನಿಂದ ತುಂಬುತ್ತಾರೆ. ಸಿಹಿಯ ಮೇಲೆ ಸಿಹಿ.

ರಮ್ ಇರುವುದು ಬರೀ ಅಮಲಿಗಲ್ಲ. ಅದು ಜಿಡ್ಡನ್ನು ತೆಳು ಮಾಡುತ್ತದೆ, ಗಂಟಲಿಗೆ ಸ್ವಲ್ಪ ಚುರುಕು ಮುಟ್ಟಿಸುತ್ತದೆ, ಕಬ್ಬಿನ ವಾಸನೆ ಕೊಡುತ್ತದೆ. ಈ ಮೂರು ಕೆಲಸಕ್ಕೆ ಬೇರೆ ಆಳು ಹುಡುಕಿದರೆ ನಿಮ್ಮ ಪಿನಾ ಕೊಲಾಡಾ ಗೆದ್ದಂತೆ. ಆ 50 ಮಿ.ಲೀ. ಜಾಗಕ್ಕೆ ಸಿಹಿ ಇಲ್ಲದ, ಸ್ವಲ್ಪ ಒಗರೋ ಖಾರವೋ ಇರುವ ನೀರು ಬೇಕು. ಏನು ಹಾಕಬಹುದು ಅಂತ ಇಲ್ಲಿರುವವರು ಹೇಳಲಿ. ನನ್ನ ಓಟು ತಣ್ಣಗಿನ ಕಪ್ಪು ಟೀ ಡಿಕಾಕ್ಷನ್‌ಗೆ.

ಗಿರ್ಮಿಟ್‌ಪ್ರೇಮಿ

ಇಷ್ಟೆಲ್ಲಾ ಯಾಕ್ರೀ? ಅನಾನಸ್ ಹೋಳು, ಎರಡು ಸ್ಕೂಪ್ ವೆನಿಲ್ಲಾ ಐಸ್‌ಕ್ರೀಮ್, ಒಂದಿಷ್ಟು ಕಾಯಿಹಾಲು, ಮಿಕ್ಸಿಗೆ ಹಾಕಿ ಗುರ್ ಅನ್ನಿಸಿ. ಮಕ್ಕಳು ಲೋಟ ನೆಕ್ಕುತ್ತವೆ. ಹುಟ್ಟುಹಬ್ಬ ಅಲ್ವಾ, ಪರೀಕ್ಷೆ ಅಲ್ಲವಲ್ಲ.

ಲ್ಯಾಬ್‌ಮೇಷ್ಟ್ರು

ಗಿರ್ಮಿಟ್ ಅವರೇ, ಹಸಿ ಅನಾನಸ್ ಜೊತೆ ಐಸ್‌ಕ್ರೀಮ್ ಹಾಕಿ ಅರ್ಧ ಗಂಟೆ ಇಟ್ಟು ನೋಡಿ. ಕಹಿಯಾಗುತ್ತದೆ. ಅನಾನಸ್‌ನಲ್ಲಿ ಬ್ರೊಮೆಲೈನ್ ಅನ್ನುವ ಕಿಣ್ವ ಇದೆ. ಅದು ಪ್ರೋಟೀನನ್ನು ಕತ್ತರಿಸುತ್ತದೆ. ಹಾಲಿನ ಪ್ರೋಟೀನ್ ತುಂಡಾದಾಗ ಹುಟ್ಟುವ ಸಣ್ಣ ಚೂರುಗಳೇ ಆ ಕಹಿ. ಹಸಿ ಅನಾನಸ್ ಹಾಕಿದರೆ ಜೆಲ್ಲಿ ಗಟ್ಟಿಯಾಗುವುದಿಲ್ಲವಲ್ಲ, ಅದಕ್ಕೂ ಇದೇ ಕಾರಣ. ಜೆಲಾಟಿನ್ ಕೂಡ ಪ್ರೋಟೀನೇ.

ಕಾಯಿಹಾಲಿನಲ್ಲಿ ಪ್ರೋಟೀನ್ ತುಂಬಾ ಕಡಿಮೆ. ಆದ್ದರಿಂದ ಬೆರೆಸಿದ ಕೂಡಲೇ ಕುಡಿದರೆ ಏನೂ ಗೊತ್ತಾಗುವುದಿಲ್ಲ. ಅಂಗಡಿಯ ಕಾಯಿಹಾಲಿನ ಪುಡಿ ಕೊಳ್ಳುವವರು ಮಾತ್ರ ಪ್ಯಾಕೆಟ್ ಹಿಂದೆ ಓದಿ. ಎಷ್ಟೋ ಪುಡಿಗಳಲ್ಲಿ ಸೋಡಿಯಂ ಕೇಸಿನೇಟ್ ಇರುತ್ತದೆ. ಅದು ಹಸುವಿನ ಹಾಲಿನ ಪ್ರೋಟೀನ್.

ಗಿರ್ಮಿಟ್‌ಪ್ರೇಮಿ

ನಮ್ಮ ಮನೆಯಲ್ಲಿ ಒಂದು ಸಲವೂ ಕಹಿ ಬಂದಿಲ್ಲ ಸರ್.

ಲ್ಯಾಬ್‌ಮೇಷ್ಟ್ರು

ಡಬ್ಬಿಯ ಅನಾನಸ್ ಹಾಕುತ್ತೀರಾ?

ಗಿರ್ಮಿಟ್‌ಪ್ರೇಮಿ

ಹೌದು. ಸಿಪ್ಪೆ ಹೆರೆಯುವ ರಗಳೆ ಯಾರಿಗೆ ಬೇಕು?

ಲ್ಯಾಬ್‌ಮೇಷ್ಟ್ರು

ಅದಕ್ಕೇ ಬಚಾವು. ಡಬ್ಬಿಗೆ ಹಾಕುವಾಗ ಬಿಸಿ ಮಾಡುತ್ತಾರೆ, ಕಿಣ್ವ ಸಾಯುತ್ತದೆ. ಮನೆಯಲ್ಲೂ ಹೋಳನ್ನು ಒಂದೆರಡು ನಿಮಿಷ ಕುದಿಸಿ ಆರಿಸಿದರೆ ಐಸ್‌ಕ್ರೀಮ್ ಧಾರಾಳ ಹಾಕಬಹುದು. ಆದರೆ ಹಸಿ ಹಣ್ಣಿನ ಘಮ ಹೋಗುತ್ತದೆ, ಅನಾನಸ್ ಗೊಜ್ಜಿನ ವಾಸನೆ ಬರುತ್ತದೆ. ಫ್ರೀಜರ್‌ನಲ್ಲಿಟ್ಟರೆ ಮಾತ್ರ ಕಿಣ್ವ ಸಾಯುವುದಿಲ್ಲ, ಸುಮ್ನೆ ಮಲಗುತ್ತದೆ ಅಷ್ಟೆ.

ಕೌಂಟರ್‌ಹಿಂದಿನವ

ಶೇಕರ್‌ನಲ್ಲಿ ಕುಲುಕಿದಾಗ ಮೇಲೆ ಒಳ್ಳೆ ನೊರೆ ನಿಲ್ಲುವುದು ತಾಜಾ ರಸದಲ್ಲೇ. ಡಬ್ಬಿ ರಸದಲ್ಲಿ ಆ ನೊರೆ ಅಷ್ಟು ಬರುವುದಿಲ್ಲ. ನನ್ನ ಮಟ್ಟಿಗೆ ಐಸ್‌ಕ್ರೀಮ್ ಹಾಕಿದ ಮೇಲೆ ಅದಕ್ಕೆ ಪಿನಾ ಕೊಲಾಡಾ ಅನ್ನುವ ಹೆಸರೇ ಬೇಡ. ಚೆನ್ನಾಗಿಲ್ಲ ಅಂತಲ್ಲ. ಅದು ಬೇರೆ ತಿನಿಸು.

ಬೊಂಡಶರಬತ್ತು

ಮಾರಾಯ್ರೆ, ಎಲ್ಲರೂ ಅನಾನಸ್ ಹಿಂದೆಯೇ ಓಡುತ್ತಿದ್ದೀರಿ. ಅರ್ಧ ರುಚಿ ಇರುವುದು ತೆಂಗಿನಲ್ಲಿ. ಅಲ್ಲಿ ಹೇಳುವ 'ತೆಂಗಿನ ಕ್ರೀಮ್' ನಮ್ಮ ಕಾಯಿಹಾಲಲ್ಲ, ಸಕ್ಕರೆ ಹಾಕಿ ದಪ್ಪ ಮಾಡಿದ್ದು. ಬರೀ ಕಾಯಿಹಾಲು ಹಾಕಿದರೆ ನೀರುನೀರು, ಗಸಿಗೆ ಅನಾನಸ್ ಬಿದ್ದ ಹಾಗೆ.

ಮನೆಯಲ್ಲಿ ಮಾಡುವುದು ಸುಲಭ. ಚೆನ್ನಾಗಿ ಬಲಿತ ಕಾಯಿ ತುರಿದು, ತುರಿ ಮುಳುಗುವುದಕ್ಕಿಂತ ಕಡಿಮೆ ಬಿಸಿನೀರು ಹಾಕಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಮೊದಲ ಹಾಲು ಮಾತ್ರ ಸಾಕು. ಎರಡನೇ ಹಾಲನ್ನು ಸಾರಿಗೋ ಪಾಯಸಕ್ಕೋ ಇಡಿ. 200 ಮಿ.ಲೀ. ದಪ್ಪ ಹಾಲಿಗೆ 120 ಗ್ರಾಂ ಸಕ್ಕರೆ, ಎರಡು ಚಿಟಿಕೆ ಉಪ್ಪು. ಸಣ್ಣ ಉರಿಯಲ್ಲಿ ಸಕ್ಕರೆ ಕರಗುವವರೆಗೆ ತಿರುವುತ್ತಾ ಇರಿ. ಕುದಿ ಬರಬಾರದು. ಕುದಿದರೆ ಒಡೆದು ಎಣ್ಣೆ ಮೇಲೆ ಬರುತ್ತದೆ, ಪದಾರ್ಥಕ್ಕೆ ಕಾಯಿಹಾಲು ಹಾಕುವವರಿಗೆ ಇದು ಗೊತ್ತೇ ಇದೆ. ಆರಿದ ಮೇಲೆ ಒಂದು ಸುತ್ತು ಮಿಕ್ಸಿಯಲ್ಲಿ ತಿರುಗಿಸಿ ಬಾಟಲಿಗೆ ತುಂಬಿ. ಫ್ರಿಜ್‌ನಲ್ಲಿ ಎರಡು ಮೂರು ದಿನಕ್ಕೆ ತೊಂದರೆ ಇಲ್ಲ.

ಜರ್ಸಿಕನ್ನಡಿಗ

ಬೊಂಡ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಇಲ್ಲಿ ಅಮೆರಿಕದಲ್ಲಿ ಅದು ಕೊಕೊ ಲೋಪೆಜ್ ಅನ್ನುವ ಡಬ್ಬಿಯಲ್ಲಿ ಸಿಗುತ್ತದೆ. ಪೋರ್ಟೊ ರಿಕೋದಲ್ಲಿ ರಾಮೋನ್ ಲೋಪೆಜ್ ಇರಿಸಾರಿ ಅನ್ನುವ ಮೇಷ್ಟ್ರು ಕಂಡುಹಿಡಿದದ್ದು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಕಾಯಿ ತುರಿದು ಹಿಂಡುವ ಕೆಲಸ ತಪ್ಪಿಸಿದ್ದೇ ಅವರ ಸಾಧನೆ. ಆಮೇಲೆ ಸಾನ್ ಹುವಾನ್ ಊರಿನ ಕರೀಬೆ ಹಿಲ್ಟನ್ ಹೋಟೆಲಿನಲ್ಲಿ ರಾಮೋನ್ 'ಮೊಂಚಿತೊ' ಮರ್ರೇರೊ ಎಂಬ ಬಾರ್‌ಟೆಂಡರ್ 1954ರಲ್ಲಿ ಪಿನಾ ಕೊಲಾಡಾ ಮಾಡಿದ ಅಂತ ಆ ಹೋಟೆಲಿನವರು ಹೇಳುತ್ತಾರೆ.

ಕೌಂಟರ್‌ಹಿಂದಿನವ

ಬರ್ರಾಚಿನಾದವರು ಇದನ್ನು ಒಪ್ಪುವುದಿಲ್ಲ! ಅದೇ ಊರಿನ ಹಳೇ ಪೇಟೆಯ ರೆಸ್ಟೋರೆಂಟ್. 1963ರಲ್ಲಿ ನಮ್ಮ ರಾಮೋನ್ ಪೋರ್ತಾಸ್ ಮಿಂಗೊತ್ ಮಾಡಿದ್ದು ಅಂತ ಗೋಡೆಯ ಮೇಲೆ ಕಲ್ಲು ಕೆತ್ತಿಸಿ ಹಾಕಿದ್ದಾರೆ. ಮೂರು ರಾಮೋನ್‌ಗಳು, ಒಂದು ಲೋಟ. 1978ರಲ್ಲಿ ಪೋರ್ಟೊ ರಿಕೋ ಸರ್ಕಾರ ಅದನ್ನು ತನ್ನ ಅಧಿಕೃತ ಪಾನೀಯ ಅಂತಲೇ ಘೋಷಿಸಿತು. ಜಗಳ ಮಾತ್ರ ಇನ್ನೂ ಇದೆ.

ತುಂಗಾತೀರದವಳು

ಕಥೆ ಚೆನ್ನಾಗಿದೆ. ಆದರೆ ನನ್ನ 50 ಮಿ.ಲೀ. ಜಾಗ ಇನ್ನೂ ಖಾಲಿ ಇದೆಯಲ್ಲ. ಟೀ ಡಿಕಾಕ್ಷನ್ ಬಿಟ್ಟು ಬೇರೆ? ಮಕ್ಕಳಿಗೆ ರಾತ್ರಿ ಟೀ ಕೊಡಲು ಮನಸ್ಸಿಲ್ಲ. ಎಳನೀರು ನಡೆಯುತ್ತಾ?

ಬೊಂಡಶರಬತ್ತು

ಎಳನೀರು ತೆಳು ಮಾಡುತ್ತದೆ, ಅಷ್ಟೇ. ಚುರುಕು ಬರುವುದಿಲ್ಲ. ಮಕ್ಕಳ ಲೋಟಕ್ಕೆ ಅದೇ ಹಾಕಿ, ದೊಡ್ಡವರಿಗೆ ಬೇರೆ.

ಶಿರಸಿಭಾವ

ಅನಾನಸ್ ಸಿಪ್ಪೆ ಬಿಸಾಡಬೇಡಿ, ಅದರಲ್ಲೇ ನಿಮ್ಮ ಉತ್ತರ ಇದೆ. ನಮ್ಮ ಕಡೆ ಬನವಾಸಿ ಸುತ್ತ ಅನಾನಸ್ ಗದ್ದೆಗಳೇ ಜಾಸ್ತಿ. ಹಣ್ಣಿನ ಘಮ ಇರುವುದು ಸಿಪ್ಪೆಗೆ ಅಂಟಿದ ಭಾಗದಲ್ಲಿ ಅಂತ ಬೆಳೆಯುವವರಿಗೆ ಗೊತ್ತು.

ಸಿಪ್ಪೆಯನ್ನು ಬ್ರಷ್ ಹಾಕಿ ಚೆನ್ನಾಗಿ ತೊಳೆಯಿರಿ. ಕಣ್ಣುಗಳ ಸಂದಿಯಲ್ಲಿ ಮಣ್ಣು, ಔಷಧಿ ಎಲ್ಲ ಕೂತಿರುತ್ತದೆ. ಒಂದು ಹಣ್ಣಿನ ಸಿಪ್ಪೆ ಮತ್ತು ನಡುವಿನ ದಿಂಡಿಗೆ ಅರ್ಧ ಲೀಟರ್ ನೀರು. ಹೆಬ್ಬೆರಳಿನಷ್ಟು ಶುಂಠಿ ಜಜ್ಜಿ ಹಾಕಿ. ಎಂಟು ಹತ್ತು ಒಳ್ಳೆಮೆಣಸು, ಅದನ್ನೂ ಜಜ್ಜಿ. ಎರಡು ಲವಂಗ ಸಾಕು, ಮೂರಾದರೆ ಹಲ್ಲುನೋವಿನ ಔಷಧಿ. ಮುಚ್ಚಿ ಸಣ್ಣ ಉರಿಯಲ್ಲಿ ಕಾಲು ಗಂಟೆ ಕುದಿಸಿ, ಸೋಸಿ. ಬಿಸಿ ಇರುವಾಗಲೇ ಎರಡು ಚಮಚ ಜೋನಿ ಬೆಲ್ಲ (ಪಾಕದಂಥ ನೀರು ಬೆಲ್ಲ) ಕರಗಿಸಿ. ತಣ್ಣಗೆ ಮಾಡಿ.

ಶುಂಠಿ, ಮೆಣಸು ಗಂಟಲಿಗೆ ಚುರುಕು. ಜೋನಿ ಬೆಲ್ಲ ಕಬ್ಬಿನ ವಾಸನೆಗೆ. ರಮ್ ಕೂಡ ಕಬ್ಬಿನ ಕಾಕಂಬಿಯಿಂದಲೇ ಬರುವುದಲ್ವಾ, ಇಬ್ಬರೂ ಒಂದೇ ಮನೆಯವರು. ಸಿಪ್ಪೆಯ ಸಣ್ಣ ಒಗರು ಸಿಹಿಯನ್ನು ಹಿಡಿದಿಡುತ್ತದೆ. ಜೋನಿ ಬೆಲ್ಲ ಸಿಗದಿದ್ದರೆ ಕಪ್ಪಗಿನ ಅಚ್ಚುಬೆಲ್ಲ ಹಾಕಿ. ಬಿಳಿ ಹೊಳಪಿನ ಬೆಲ್ಲದಲ್ಲಿ ವಾಸನೆಯೇ ಇರುವುದಿಲ್ಲ.

ಲ್ಯಾಬ್‌ಮೇಷ್ಟ್ರು

ಕುದಿಸುವುದರಿಂದ ಸಿಪ್ಪೆ, ದಿಂಡಿನ ಕಿಣ್ವವೂ ಹೋಗುತ್ತದೆ. ಒಳ್ಳೆಯ ಉಪಾಯ.

ಹುಳಿಪ್ರಿಯ

ಕುದಿಸುವ ಬದಲು ಅದೇ ಸಿಪ್ಪೆಗೆ ಬೆಲ್ಲ, ಚಕ್ಕೆ ಹಾಕಿ ಗಾಜಿನ ಭರಣಿಯಲ್ಲಿ ಎರಡು ಮೂರು ದಿನ ಬಿಟ್ಟರೆ ತೆಪಾಚೆ ಆಗುತ್ತದೆ. ಮೆಕ್ಸಿಕೋದವರ ಪಾನೀಯ. ತಾನಾಗಿಯೇ ಗ್ಯಾಸ್ ಬರುತ್ತದೆ, ಹುಳಿ ಬರುತ್ತದೆ. ರಮ್ ಜಾಗಕ್ಕೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ.

ಕೌಂಟರ್‌ಹಿಂದಿನವ

ರುಚಿಗೆ ನಾನೂ ಒಪ್ಪುತ್ತೇನೆ. ಆದರೆ ಗ್ಯಾಸ್ ಬಂತು ಅಂದರೆ ಯೀಸ್ಟ್ ಕೆಲಸ ಮಾಡಿದೆ, ಯೀಸ್ಟ್ ಕೆಲಸ ಮಾಡಿದರೆ ಸ್ವಲ್ಪವಾದರೂ ಆಲ್ಕೋಹಾಲ್ ಬಂದಿರುತ್ತದೆ. ಎಷ್ಟು ಅಂತ ಮನೆಯಲ್ಲಿ ಅಳೆಯಲು ಆಗಲ್ಲ. ಅವರು ಕೇಳಿದ್ದು ಮಕ್ಕಳಿಗೂ ಬಸುರಿಗೂ ಕೊಡುವಂಥದ್ದು. ಈ ಸಲ ಬೇಡ.

ಇದೇ ಮಾತು ಬಿಟರ್ಸ್‌ಗೂ, ಅಂದರೆ ಘಮಕ್ಕೆ ಹನಿ ಹನಿ ಹಾಕುವ ಕಹಿ ಸಾರಕ್ಕೂ. 'ಮಾಕ್‌ಟೇಲ್‌ಗೆ ಎರಡು ಹನಿ ಅಂಗೋಸ್ಟುರಾ' ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದರಲ್ಲಿ ಆಲ್ಕೋಹಾಲ್ 44.7%. ಎರಡು ಹನಿಗೆ ಲೆಕ್ಕಕ್ಕಿಲ್ಲ, ನಿಜ. ಆದರೆ ಪೂರ್ತಿ ಬಿಟ್ಟವರಿಗೆ, ಧರ್ಮದ ಕಾರಣಕ್ಕೆ ಮುಟ್ಟದವರಿಗೆ ಹೇಳದೆ ಕೊಡುವುದು ತಪ್ಪು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ 0.5% ದಾಟಿದರೆ ಮಾತ್ರ ಅದು ಮದ್ಯ. ಹಾಗಾಗಿ 'ನಾನ್ ಆಲ್ಕೋಹಾಲಿಕ್' ಅಂತ ಬರೆದ ಬಾಟಲಿಯಲ್ಲೂ ಸೊನ್ನೆ ಇರಲೇಬೇಕು ಅಂತಿಲ್ಲ. 0.0 ಅಂತ ಬರೆದಿದೆಯಾ ನೋಡಿ.

ಗಿರ್ಮಿಟ್‌ಪ್ರೇಮಿ

ಬೇಕರಿ ಸಾಮಾನಿನ ಅಂಗಡಿಯಲ್ಲಿ ರಮ್ ಎಸೆನ್ಸ್ ಸಿಗುತ್ತದಲ್ಲ, ಮೂರು ಹನಿ ಹಾಕಿದರೆ ಮುಗೀತು.

ಕೌಂಟರ್‌ಹಿಂದಿನವ

ಕ್ರಿಸ್‌ಮಸ್ ಕೇಕು ಕುಡಿದ ಹಾಗಾಗುತ್ತದೆ. ವಾಸನೆ ಬರುತ್ತದೆ, ಚುರುಕು ಬರಲ್ಲ. ಬೇಕೇ ಬೇಕು ಅಂದರೆ ಇಡೀ ಜಗ್ಗಿಗೆ ಒಂದು ಹನಿ. ಎಸೆನ್ಸ್ ಬಾಟಲಿಯ ಲೇಬಲ್ಲನ್ನೂ ಓದಿ, ಕೆಲವದರಲ್ಲಿ ಆಲ್ಕೋಹಾಲ್ ಇರುತ್ತದೆ.

ಅಜ್ಜಿಮನೆಹುಡುಗಿ

ಎಲ್ಲರೂ ಒಂದು ವಿಷಯ ಬಿಟ್ಟಿರಿ. ಬಸುರಿಗೆ ಅನಾನಸ್ ಕೊಡಬಹುದಾ? ನಮ್ಮಲ್ಲಿ ಅನಾನಸ್, ಪರಂಗಿ ಎರಡನ್ನೂ ಕಣ್ಣಿಗೂ ತೋರಿಸುವುದಿಲ್ಲ.

ಲ್ಯಾಬ್‌ಮೇಷ್ಟ್ರು

ಊಟದ ಪ್ರಮಾಣದಲ್ಲಿ ತಿಂದ ಮಾಗಿದ ಅನಾನಸ್‌ನಿಂದ ಗರ್ಭಕ್ಕೆ ತೊಂದರೆ ಆಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಬೇಡ ಅಂತ ಹೇಳುವುದು ಮಾತ್ರೆ ರೂಪದಲ್ಲಿ ಬರುವ ಬ್ರೊಮೆಲೈನ್‌ಗೆ. ಹುಳಿಯಿಂದ ಎದೆಯುರಿ ಆಗಬಹುದು, ಆ ದಿನಗಳಲ್ಲಿ ಅದು ಮೊದಲೇ ಇರುತ್ತದೆ. ಸಕ್ಕರೆ ಅಂಶ ಏರಿದವರಾಗಿದ್ದರೆ ಡಾಕ್ಟರನ್ನು ಕೇಳಲೇಬೇಕು.

ಅಜ್ಜಿಮನೆಹುಡುಗಿ

ಇದನ್ನು ನಮ್ಮ ಅಜ್ಜಿಗೆ ನೀವೇ ಬಂದು ಹೇಳಿ ಮೇಷ್ಟ್ರೇ.

ತುಂಗಾತೀರದವಳು

ನಮ್ಮತ್ತೆ ಕೂಡ ಒಪ್ಪುವುದಿಲ್ಲ ಬಿಡಿ. ಅವತ್ತು ಹುಟ್ಟುಹಬ್ಬ, ವಾದ ಯಾಕೆ. ಅವಳಿಗೆ ಬೇರೆ ಹಣ್ಣಿನಲ್ಲಿ ಮಾಡಿಕೊಡಬಹುದಾ? ಒಬ್ಬಳಿಗೇ ಬರೀ ನೀರು ಕೊಟ್ಟರೆ ಚೆನ್ನಾಗಿರಲ್ಲ.

ಬೊಂಡಶರಬತ್ತು

ಪುನರ್ಪುಳಿ! ಕೊಂಕಣದ ಸೋಲ್‌ಕಡಿ ಅಂದರೆ ಕಾಯಿಹಾಲು ಮತ್ತು ಪುನರ್ಪುಳಿ ತಾನೇ. ಒಣ ಸಿಪ್ಪೆ ನೆನೆಸಿ ಹಿಂಡಿದ ನೀರು, ಅದೇ ಸಿಹಿ ತೆಂಗಿನ ಕ್ರೀಮ್, ಚೂರು ಉಪ್ಪು, ಮೇಲೆ ಎಳನೀರು. ಬಣ್ಣ ನೋಡಿದರೆ ಉಳಿದವರೂ ನನಗೂ ಅದೇ ಬೇಕು ಅನ್ನುತ್ತಾರೆ. ಬೆಳ್ಳುಳ್ಳಿ, ಹಸಿಮೆಣಸು ಮಾತ್ರ ಹಾಕಬೇಡಿ, ಅದು ಊಟದ ಸೋಲ್‌ಕಡಿಗೆ.

ದಾವಣಗೆರೆ_ದೋಸೆ

ನಾನು ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಒಂದು ಪ್ರಶ್ನೆ. ಕಾಯಿಹಾಲು ಹಾಕಿ ಐಸ್ ಜೊತೆ ಮಿಕ್ಸಿಯಲ್ಲಿ ತಿರುಗಿಸಿದರೆ ಬಾಯಿಗೆ ಮೇಣದಂಥ ಸಣ್ಣ ಸಣ್ಣ ಹರಳು ಸಿಗುತ್ತದಲ್ಲ, ಅದು ಯಾಕೆ?

ಲ್ಯಾಬ್‌ಮೇಷ್ಟ್ರು

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಬಾಟಲಿಯಲ್ಲಿ ಹೆಪ್ಪುಗಟ್ಟುವುದಿಲ್ಲವೇ, ಅದೇ. ಐಸ್ ಮುಟ್ಟಿದ ಕೂಡಲೇ ಕಾಯಿಹಾಲಿನ ಜಿಡ್ಡು ಗುಂಪುಗುಂಪಾಗಿ ಗಟ್ಟಿಯಾಗುತ್ತದೆ. ಮೊದಲು ಕ್ರೀಮ್ ಮತ್ತು ಅನಾನಸ್ ರಸವನ್ನು ಐಸ್ ಇಲ್ಲದೆ ಚೆನ್ನಾಗಿ ತಿರುಗಿಸಿ. ಜಿಡ್ಡು ಸಣ್ಣ ಹನಿಗಳಾಗಿ ಹರಡಿದ ಮೇಲೆ ಐಸ್. ಸಕ್ಕರೆ ಹಾಕಿ ದಪ್ಪ ಮಾಡಿದ ಕ್ರೀಮಿನಲ್ಲಿ ಈ ಕಾಟ ಕಡಿಮೆ. ಆ ಸಿಹಿ ಬರೀ ರುಚಿಗೆ ಇರುವುದಲ್ಲ.

ಕೌಂಟರ್‌ಹಿಂದಿನವ

ಐಸ್ ಬಗ್ಗೆ ನನ್ನದೂ ಒಂದು ಮಾತು. ಮನೆ ಮಿಕ್ಸಿಗೆ ದೊಡ್ಡ ಐಸ್ ತುಂಡು ಹಾಕಿ ಬ್ಲೇಡು ಹಾಳು ಮಾಡಿಕೊಳ್ಳಬೇಡಿ. ಅನಾನಸ್ ಹೋಳುಗಳನ್ನೇ ಹಿಂದಿನ ರಾತ್ರಿ ತಟ್ಟೆಯಲ್ಲಿ ಹರಡಿ ಫ್ರೀಜರ್‌ಗೆ ಇಡಿ. ತೆಗೆದು ಹತ್ತು ನಿಮಿಷ ಬಿಟ್ಟು, ಪಲ್ಸ್ ಕೊಟ್ಟು ಕೊಟ್ಟು ತಿರುಗಿಸಿ. ಐಸ್ ಇಲ್ಲದೆಯೇ ದಪ್ಪಗೆ ಬರುತ್ತದೆ, ನೀರಾಗುವುದಿಲ್ಲ.

ತೆಳ್ಳಗೆ, ಕುಲುಕಿ ಮಾಡಿದ್ದು ಬೇಕಾದರೆ ಶೇಕರ್ ಬೇಕಾಗಿಲ್ಲ. ಬಿಗಿಯಾದ ಮುಚ್ಚಳ ಇರುವ ಸ್ಟೀಲ್ ಬಾಟಲಿ ಸಾಕು. ಅರ್ಧ ಮಾತ್ರ ತುಂಬಿ, ಕೈ ತಣ್ಣಗಾಗುವವರೆಗೆ ಕುಲುಕಿ. ನನಗೆ ಇದೇ ಇಷ್ಟ. ಊಟದ ಮುಂಚೆ ಕೊಡುವುದಾದರೆ ದಪ್ಪನೆಯದು ಹೊಟ್ಟೆ ತುಂಬಿಸಿಬಿಡುತ್ತದೆ. ಅಪ್ಪನ ಹುಟ್ಟುಹಬ್ಬದ ಊಟ ಉಳಿದರೆ ಬೈಗುಳ ನಮಗೆ ಬರುತ್ತದೆ.

ತುಂಗಾತೀರದವಳು

ಹಾಗಾದರೆ ತೆಳ್ಳಗಿನದೇ ಸರಿ. ಸರ್, ಇದನ್ನೆಲ್ಲ ಸೇರಿಸಿ ಒಂದು ಲೋಟದ ಅಳತೆ ಹೇಳಿ.

ಕೌಂಟರ್‌ಹಿಂದಿನವ

ತಾಜಾ ಅನಾನಸ್ ರಸ 80 ಮಿ.ಲೀ., ಬೊಂಡ ಅವರ ತೆಂಗಿನ ಕ್ರೀಮ್ 30, ಶಿರಸಿ ಭಾವನ ಸಿಪ್ಪೆ ಕಷಾಯ 50. ನಿಂಬೆರಸ ಒಂದು ಟೀ ಚಮಚ, ಉಪ್ಪು ಒಂದು ಚಿಟಿಕೆ. ಹಣ್ಣು ಹುಳಿ ಇದ್ದರೆ ನಿಂಬೆ ಬೇಡ. ಮೊದಲು ಐಸ್ ಇಲ್ಲದೆ ಕುಲುಕಿ, ಆಮೇಲೆ ಐಸ್ ಹಾಕಿ ಇನ್ನೊಂದು ಸಲ. ಸೋಸಿ ಬೇರೆ ಐಸ್ ಇರುವ ಲೋಟಕ್ಕೆ ಸುರಿಯಿರಿ. ಮೇಲೆ ಜಾಯಿಕಾಯಿ ಎರಡು ಉಜ್ಜು ತುರಿದರೆ ಮೂಗಿಗೆ ಮೊದಲು ಅದೇ ಬರುತ್ತದೆ. ಕಾಗದದ ಕೊಡೆ ನಿಮ್ಮಿಷ್ಟ.

ಕಷಾಯ, ಕ್ರೀಮ್ ಎರಡನ್ನೂ ಹಿಂದಿನ ದಿನ ಮಾಡಿಡಿ. ರಸ ಮಾತ್ರ ಅವತ್ತೇ ತೆಗೆಯಿರಿ, ಬಡಿಸುವ ಹೊತ್ತಿಗೆ ಬೆರೆಸಿ. ಮೊದಲೇ ಬೆರೆಸಿ ಜಗ್ಗಿನಲ್ಲಿಟ್ಟರೆ ತೆಂಗಿನ ಜಿಡ್ಡು ಮೇಲೆ ತೇಲಿ ಕೂರುತ್ತದೆ.

ಜರ್ಸಿಕನ್ನಡಿಗ

ಹೊರದೇಶದಲ್ಲಿರುವವರಿಗೆ ಒಂದು ಸೇರ್ಪಡೆ. ಇಲ್ಲಿ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಎಂಡಿ-2 ತಳಿ, ಡೆಲ್ ಮಾಂಟೆ ಕಂಪನಿ 1996ರಲ್ಲಿ ಮಾರುಕಟ್ಟೆಗೆ ತಂದದ್ದು. ತುಂಬಾ ಸಿಹಿ, ಹುಳಿ ಕಡಿಮೆ. ನಿಂಬೆರಸ ಎರಡರಷ್ಟು ಹಾಕಿ. ಕೊಕೊ ಲೋಪೆಜ್ ಡಬ್ಬಿ ಬಳಸಿದರೆ 20 ಮಿ.ಲೀ. ಸಾಕು. ಅದು ಮನೆಯ ಕ್ರೀಮಿಗಿಂತ ಸಿಹಿ.

ತುಂಗಾತೀರದವಳು

ಹನ್ನೆರಡು ಲೋಟಕ್ಕೆ ಎಷ್ಟು ಹಣ್ಣು, ಎಷ್ಟು ಕಾಯಿ ತರಲಿ? ಯಾವ ತಳಿ ಅಂತ ಕೇಳಲಿ?

ಶಿರಸಿಭಾವ

ರಸಕ್ಕೆ ಕ್ಯೂ ತಳಿ ಒಳ್ಳೇದು, ದೊಡ್ಡ ಹಣ್ಣು, ರಸ ಜಾಸ್ತಿ, ಸ್ವಲ್ಪ ಹುಳಿ ಇರುತ್ತದೆ. ಕ್ವೀನ್ ಚಿಕ್ಕದು, ಸಿಹಿ ಜಾಸ್ತಿ, ಹೋಳು ಮಾಡಿ ತಿನ್ನಲು ಚೆಂದ. ಒಂದೂವರೆ ಕಿಲೋ ತೂಗುವ ಕ್ಯೂ ಒಂದರಲ್ಲಿ ಅರ್ಧ ಲೀಟರ್ ಆಸುಪಾಸು ರಸ ಬರುತ್ತದೆ. ನಿಮಗೆ ಬೇಕಾದದ್ದು ಒಂದು ಲೀಟರ್. ಎರಡು ಹಣ್ಣು ಲೆಕ್ಕಕ್ಕೆ ಸರಿ, ಮೂರು ತನ್ನಿ. ಒಂದು ಒಳಗೆ ಕಪ್ಪಾಗಿದ್ದರೆ ಅವತ್ತು ಓಡುವುದು ಯಾರು? ಕಾಯಿ ಮೂರು.

ಅನಾನಸ್ ಕೊಯ್ದ ಮೇಲೆ ಸಿಹಿ ಏರುವುದಿಲ್ಲ. ಬಾಳೆಹಣ್ಣಿನ ಹಾಗೆ ಮನೆಯಲ್ಲಿಟ್ಟು ಹಣ್ಣು ಮಾಡುತ್ತೇನೆ ಅಂದರೆ ಬಣ್ಣ ಬರುತ್ತದೆ, ಮೆತ್ತಗಾಗುತ್ತದೆ, ರುಚಿ ಅಷ್ಟೇ. ಅದಕ್ಕೇ ಕೊಳ್ಳುವಾಗಲೇ ಬುಡ ಮೂಸಿ ನೋಡಿ. ಘಮ ಇದ್ದರೆ ತಗೊಳ್ಳಿ. ಹೆಂಡದ ವಾಸನೆ ಬಂದರೆ ಹುಳಿಯಲು ಶುರುವಾಗಿದೆ, ಬಿಡಿ.

ಗಿರ್ಮಿಟ್‌ಪ್ರೇಮಿ

ಆ ಹಣ್ಣನ್ನು ಹುಳಿಪ್ರಿಯ ಅವರಿಗೆ ಕಳಿಸಿ.

ಹುಳಿಪ್ರಿಯ

ಕಳಿಸಿ, ಭರಣಿ ಖಾಲಿ ಇದೆ.